ಮಾವನ ಕತ್ತೂ ಮುಂದಿದ್ದ ಎಂಜಿನ್ನೂ

ಕಾರವಾರದ ನಮ್ಮ ಮನೆಯ ಗೋಡೆಯ ಮೇಲೆ ಒಂದು ಮದುವೆ ಫೋಟೋ ಇದೆ. ಅದರಲ್ಲಿ ಎಲ್ಲರೂ ಫೋಟೋಗ್ರಾಫರನ ಆಜ್ಞೆಯನ್ನು ಶಿರಸಾವಹಿಸಿ ಕ್ಯಾಮೆರಾವನ್ನೇ ದಿಟ್ಟಿಸುತ್ತಿದ್ದರೆ, ನನ್ನ ಬಲಕ್ಕೆ ನಿಂತ ಮಾವನವರು ಮಾತ್ರ ಕತ್ತನ್ನು ಎಡಭುಜದತ್ತ ವಾಲಿಸಿ ನನ್ನನ್ನು ಓರೆಯಾಗಿ ನೋಡುತ್ತಿದ್ದಾರೆ. ಓರೆನೋಟ ಹೆಂಡತಿಯದಾದರೆ ಶೃಂಗಾರ, ಮಾವನದಾದರೆ ಗ್ರಹಚಾರ.

ಸ್ಕೂಟರಿನ ಪ್ಲಗ್ಗು ಬಿಚ್ಚಲೂ ಬಾರದ ಗುಮಾಸ್ತನಿಗೆ ಮಗಳನ್ನು ಕೊಟ್ಟು ಮೋಸಹೋದೆನೆಂಬ ಪಶ್ಚಾತ್ತಾಪವೇ ಆ ವಕ್ರದೃಷ್ಟಿಯ ಮೂಲವೆಂದು ನಾನು ಇಪ್ಪತ್ತೆರಡು ವರ್ಷ ನಂಬಿದ್ದೆ. ಓಟು ಕೇಳಲು ಬಂದವರನ್ನೂ ವಿಮೆ ಮಾಡಿಸಲು ಬಂದವರನ್ನೂ ನೆಟ್ಟಗೆ ನೋಡುವ ಮನುಷ್ಯ, ನನಗೆ ಬಡ್ತಿ ಸಿಕ್ಕಿತೆಂದು ಹೇಳಿದಾಗ ಕತ್ತನ್ನು ಇನ್ನಷ್ಟು ವಾಲಿಸಿದರು. ಅವರಿಂದ ಒಂದೇ ಒಂದು ನೇರ ನೋಟ ಪಡೆಯಬೇಕೆಂಬುದು ನನ್ನ ಸಂಸಾರದ ಗುಪ್ತ ಮಹತ್ವಾಕಾಂಕ್ಷೆಯಾಗಿತ್ತು. ಹೇಳಿಕೊಳ್ಳಲು ನಾಚಿಕೆ, ಆದರೆ ಆ ಫೋಟೋದ ಮುಂದೆ ಹಾಯುವಾಗಲೆಲ್ಲ ನನಗೆ ನೋವಾಗುತ್ತಿತ್ತು.

ಕಳೆದ ತಿಂಗಳು ನಾನೂ ಹೆಂಡತಿಯೂ ಅಂಕೋಲೆಯ ಅವರ ಮನೆಗೆ ಹೋಗಿದ್ದೆವು. ಮೂವರೂ ಕಾರಿನಲ್ಲಿ ಹೊರಟು ಬಾಳೆಗುಳಿ ಕ್ರಾಸಿಗೆ ಬಂದಾಗ ಮಾವ ಗಾಡಿ ನಿಲ್ಲಿಸಲು ಹೇಳಿದರು. ರಸ್ತೆಬದಿಯ ಗ್ಯಾರೇಜಿನಲ್ಲಿ ಎರಡು ಚೈನ್ ಲೋಡರುಗಳು ನಿಂತಿದ್ದವು. ಹಳದಿ ಯಂತ್ರ ಯಾವುದೇ ಇರಲಿ, ಮೂರು ಇಂಗ್ಲಿಷ್ ಅಕ್ಷರಗಳಲ್ಲಿ ನಾಮಕರಣ ಮುಗಿಸುವ ನನ್ನಂಥವರಿಗಾಗಿ ಹೇಳುವುದಾದರೆ, ಇದು ಚಕ್ರದ ಬದಲು ಉಕ್ಕಿನ ಚೈನಿನ ಮೇಲೆ ತೆವಳುತ್ತ ಎದುರಿನ ಬಕೆಟ್ಟಿನಲ್ಲಿ ಕಲ್ಲುಮಣ್ಣು ಎತ್ತುವ ಯಂತ್ರ. ನನ್ನ ಮದುವೆಗೆ ಮೊದಲೇ ನಿವೃತ್ತರಾದ ಮಾವ, ಕ್ವಾರಿಗಳಲ್ಲಿ ಇಂಥದ್ದನ್ನೇ ಮೂವತ್ತು ವರ್ಷ ನಡೆಸಿದವರು. ಎಂಬತ್ತು ಸಮೀಪಿಸಿದ ಅವರು ನಮ್ಮಿಬ್ಬರ ಕೂಗನ್ನೂ ಲೆಕ್ಕಿಸದೆ ಹಳೆಯದನ್ನು ಸರಸರನೆ ಹತ್ತಿಯೇಬಿಟ್ಟರು.

ಅಲ್ಲಿಂದಲೇ ನನಗೆ ಯಂತ್ರಪುರಾಣದ ಪ್ರವಚನವಾಯಿತು. ಮೂಲದಲ್ಲಿ ಇದು ಭಾರ ಎಳೆಯುವ ಚೈನ್ ಟ್ರ್ಯಾಕ್ಟರು. ಯಾರೋ ಪುಣ್ಯಾತ್ಮರು ಅದರ ಮುಂದೆ ಬಕೆಟ್ಟು ಕಟ್ಟಿ ತಂತಿಹಗ್ಗದಿಂದ ಎತ್ತಿಸಿದರು. ಆಮೇಲೆ ಹಗ್ಗ ಹೋಗಿ ಎಣ್ಣೆಯ ಒತ್ತಡದಲ್ಲಿ ಏಳುವ ತೋಳು ಬಂತು. ತುಂಬಿದ ಬಕೆಟ್ಟಿನ ಭಾರಕ್ಕೆ ಮುಗ್ಗರಿಸದಂತೆ ಚೈನಿನ ಚೌಕಟ್ಟು ಮುಂದಕ್ಕೆ ಬೆಳೆಯಿತು. ಇಷ್ಟಾದರೂ ಪೂರ್ವಜನ ನೆನಪಿಗೋ ಎಂಬಂತೆ ಎಂಜಿನ್ನು ಮುಂದೆಯೇ ಉಳಿದಿತ್ತು. ಪಕ್ಕದ ಹೊಸ ಅವತಾರದಲ್ಲಿ ಮಾತ್ರ ಅದು ಸೀಟಿನ ಹಿಂದಕ್ಕೆ ಸರಿದು, ಬಕೆಟ್ಟಿಗೆ ಸಮತೂಕವಾಗಿ ಕೂತು, ಚಾಲಕನ ಕಣ್ಣಿಗೆ ದಾರಿ ಬಿಟ್ಟಿದೆ. ಹಿನ್ನಡೆಯೇ ಮುನ್ನಡೆಯಾದ ಇಂಥ ಪ್ರಸಂಗ ನಮ್ಮ ಕಚೇರಿಯಲ್ಲೂ ಕಂಡಿಲ್ಲ!

ಗ್ಯಾರೇಜಿನವರು ಬ್ಯಾಟರಿ ಜೋಡಿಸಿದರು. ಹಳೆಯ ಎಂಜಿನ್ನು ಕೆಮ್ಮಿ, ಕಪ್ಪು ಹೊಗೆ ಕಾರಿ, ಎದ್ದಿತು. ಬಕೆಟ್ಟು ಮೆಲ್ಲನೆ ಮೇಲೇರಿತು. ಅದೇ ಗಳಿಗೆಯಲ್ಲಿ ಕಂಡೆ: ಎದುರಿನ ಎಂಜಿನ್ನು ಮರೆಮಾಡಿದ ಬಕೆಟ್ಟನ್ನು ನೋಡಲು ಮಾವನ ಕತ್ತು ತಾನಾಗಿ ಎಡಭುಜದತ್ತ ವಾಲಿತು. ಫೋಟೋದಲ್ಲಿದ್ದದ್ದು ಅದೇ ಕೋನ, ಅದೇ ಓರೆ.

ಅವರು ಇಳಿದ ಮೇಲೆ ಧೈರ್ಯ ಮಾಡಿ, ಮದುವೆ ಫೋಟೋದಲ್ಲೂ ನನ್ನನ್ನು ಹೀಗೇ ನೋಡಿದ್ದೀರಲ್ಲ ಎಂದೆ. ಮಾವ ಕೈಗೆ ಹತ್ತಿದ ಗ್ರೀಸನ್ನು ಚಿಂದಿಗೆ ಒರೆಸಿಕೊಂಡರು.

"ಬಕೆಟ್ಟಿನ ಮೇಲೆ ಜೀವ ಇಟ್ಟು ನೋಡೂದು ಹೀಂಗೇ ಅಲ್ರಾ. ಬೇಕಾದವ್ರನ್ನ ನೋಡೂಕೆ ಹೋದ್ರೆ ಕತ್ತು ತಾನೇ ಓರೆ ಆಗ್ತದೆ. ಉಳಿದವ್ರನ್ನ ಸೀದಾ ನೋಡಿದ್ರೂ ಆಗ್ತದೆ."

ಇಪ್ಪತ್ತೆರಡು ವರ್ಷ ನಾನು ಹಾತೊರೆದದ್ದು ವಿಮೆಯವರ ಪಾಲಿನ ನೋಟಕ್ಕೆ.

ಆ ಹೊತ್ತಿನಲ್ಲಿ ಹೆಂಡತಿ ಮೊಬೈಲಿನಲ್ಲಿ ಹಿಡಿದ ಚಿತ್ರವೂ ಈಗ ಮದುವೆ ಫೋಟೋದ ಪಕ್ಕದಲ್ಲಿ ತೂಗುತ್ತಿದೆ. ಲೋಡರಿನ ಮುಂದೆ ನಾನೂ ಮಾವನೂ ನಿಂತಿದ್ದೇವೆ. ಮೊನ್ನೆ ಅದರ ಧೂಳು ಒರೆಸುತ್ತಿದ್ದವಳು ನನ್ನತ್ತ ತಿರುಗಿ ಸ್ವಲ್ಪ ಮುನಿಸಿನಿಂದಲೇ ಕೇಳಿದಳು:

"ನಮ್ಮ ಅಪ್ಪನ್ನ ನೀವು ಯಾಕೆ ಹೀಂಗೆ ಓರೆಯಾಗಿ ನೋಡ್ತಿದ್ರಿ?"