ಇಶ್ಬೆಲ್ ನಗದೇ ಉಳಿದ ಬೆಳಗು

ಕರ್ಕ್‌ವಾಲ್ ಬಂದರಿನ ಬೀದಿ ಇನ್ನೂ ಕಣ್ಣು ಬಿಟ್ಟಿಲ್ಲ. ಮೀನಿನಂಗಡಿಯ ಮೇಲಿನ ಪುಟ್ಟ ರೇಡಿಯೋ ಸ್ಟುಡಿಯೋದಲ್ಲಿ ಇಶ್ಬೆಲ್ ರೆಂಡಾಲ್ ಓಟ್ಸ್ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಮೈಕಿನ ಮುಂದೆ ಕೂರುತ್ತಾರೆ. ಗಾಳಿ ಜೋರಾಗಿದೆ, ವೆಸ್ಟ್ರೇ ದ್ವೀಪದ ಹಡಗು ಇವತ್ತು ಹೊರಡುವುದಿಲ್ಲ. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ನಾವೆಲ್ಲ ಇಂಥ ಸುದ್ದಿಯನ್ನು ಇವರ ಬಾಯಿಂದ ಕೇಳಿಕೊಂಡೇ ಚಹಾ ಕುಡಿಯುವವರು. ಅವರ ಬಗ್ಗೆ ಬರೆಯಲೆಂದು ನಾನು ಇವತ್ತು ಸ್ಟುಡಿಯೋದ ಮೂಲೆಯಲ್ಲಿ ಕುಳಿತಿದ್ದೇನೆ.

ಆದರೆ ಇವತ್ತು ಅವರ ಮುಖ ಬಿಗಿದುಕೊಂಡಿದೆ. ಗಾಜಿನ ಆಚೆ ಗ್ಲಾಸ್ಗೋದಿಂದ ಬಂದ ಮೇಲಧಿಕಾರಿ ಫಿನ್ಲೇ ಕುಳಿತಿದ್ದಾರೆ. ಬೆಳಗಿನ ಕಾರ್ಯಕ್ರಮ ಇಲ್ಲೇ ಉಳಿಯಬೇಕೋ, ಇನ್ನು ಮುಂದೆ ಗ್ಲಾಸ್ಗೋದಿಂದಲೇ ಬರಬೇಕೋ ಎಂದು ತೀರ್ಮಾನಿಸುವವರು ಅವರೇ.

ಇಶ್ಬೆಲ್‌ಗೆ ಹೆದರಿಕೆ ತಮ್ಮ ನಗುವಿನದೇ. ಹಿಂದೆ ಗ್ಲಾಸ್ಗೋದಲ್ಲಿ ಟಿವಿ ಸುದ್ದಿ ಓದುತ್ತಿದ್ದಾಗ, ಗಣ್ಯರೊಬ್ಬರ ಟೋಪಿಯನ್ನು ಕಡಲಹಕ್ಕಿ ಹೊತ್ತೊಯ್ದ ದೃಶ್ಯ ಬಂತು. ನೇರ ಪ್ರಸಾರದಲ್ಲೇ ಉಕ್ಕಿದ ನಗು ಹವಾಮಾನ ವರದಿ ಮುಗಿದರೂ ನಿಲ್ಲಲಿಲ್ಲ. "ನಾನೇ ಕೆಲ್ಸ ಬಿಟ್ಟೆ ಅಂತ ಅಮ್ಮಂಗೆ ಹೇಳ್ದೆ. ಟಿವಿಯವರೇ ಕೆಲ್ಸದಿಂದ ತೆಗೆದದ್ದು ಊರಿಗೆಲ್ಲ ಗೊತ್ತಿತ್ತು," ಎನ್ನುತ್ತಾರೆ. ಊರಿಗೆ ಮರಳಿ ಏಡಿ ಕಾರ್ಖಾನೆಯಲ್ಲಿ ದುಡಿದ ಮೇಲೆ ಸಿಕ್ಕಿದ್ದು ಈ ಮೈಕು. ಸಂಬಳ ಅಷ್ಟಕ್ಕಷ್ಟೇ.

ಈಗ ಊರವರ ಪ್ರಕಟಣೆಗಳ ಸರದಿ. "ಶನಿವಾರದ ಕುಣಿತದಲ್ಲಿ ಹಲ್ಲಿನ ಸೆಟ್ಟೊಂದು ಕಳೆದಿದೆ. ಸಿಕ್ಕವರು ದಯವಿಟ್ಟು ಹಾಕಿ ನೋಡಬೇಡಿ." ಸಾವಿನ ಸುದ್ದಿ ಓದುವವರ ಹಾಗೆ ಇಶ್ಬೆಲ್ ಓದಿ ಮುಗಿಸುತ್ತಾರೆ. ನೋಡುವ ನನಗೇ ಸಂಕಟ.

ಹಾಡು ಶುರುವಾದದ್ದೇ ತಡ, ಒಂದರ ಹಿಂದೊಂದು ಫೋನು. ಸ್ಟುಡಿಯೋದಲ್ಲಿ ಬೇರೆ ಸಿಬ್ಬಂದಿ ಇಲ್ಲದ್ದರಿಂದ ಫಿನ್ಲೇ ಅವರೇ ಎತ್ತಬೇಕು.

"ಇಶ್ಬೆಲ್‌ಗೆ ಏನಾಯ್ತಪ್ಪಾ? ನಗ್ತಾನೇ ಇಲ್ವಲ್ಲ," ಸ್ಯಾಂಡೆ ದ್ವೀಪದ ಅಜ್ಜಿಯೊಬ್ಬರ ಆತಂಕ.

"ಅವರ ಮನೇಲಿ ಯಾರಾದ್ರೂ ಹೋಗ್ಬಿಟ್ರಾ?" ಇನ್ನೊಬ್ಬರು.

ಅಷ್ಟರಲ್ಲಿ ಕೆಳಗಿನ ಮೀನಿನಂಗಡಿಯ ಮುದುಕ ಟೋರ್ಫಿನ್ ಬಿಸಿ ಸೂಪು ಹಿಡಿದು ಮೆಟ್ಟಿಲೇರಿ ನೇರ ಒಳಗೇ ನುಗ್ಗುತ್ತಾನೆ. ಹಾಡು ಮುಗಿದು ಮೈಕು ತೆರೆದಿರುವುದು ಅವನಿಗೆ ಗೊತ್ತಿಲ್ಲ.

"ಮೈ ಹುಷಾರಿಲ್ವೇನಮ್ಮಾ? ಹಲ್ಲಿನ ಸುದ್ದೀಗೂ ನಗ್ಲಿಲ್ಲ ನೀನು. ಅದು ನಂದೇ ಅಂತ ಅಷ್ಟೊಂದು ಬೇಜಾರು ಮಾಡ್ಕೊಂಡ್ಯಾ?" ಎಂದು ಬೊಚ್ಚುಬಾಯಿ ತೆರೆದು ತೋರಿಸುತ್ತಾನೆ.

ಇಶ್ಬೆಲ್ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಪ್ರಯೋಜನವಿಲ್ಲ. ಆ ನಗು ದ್ವೀಪದ್ವೀಪಕ್ಕೂ ಹರಿಯುತ್ತದೆ. ಗಾಜಿನ ಆಚೆ ಫಿನ್ಲೇ ಮೇಜಿಗೆ ತಲೆಯಾನಿಸಿದ್ದಾರೆ, ಭುಜ ಕುಲುಕುತ್ತಿದೆ. ಕಣ್ಣೊರೆಸಿಕೊಂಡು ಹೊರಬಂದವರು, "ಗ್ಲಾಸ್ಗೋದಲ್ಲಿ ಕೂತು ಇದನ್ನ ಮಾಡೋಕಾಗಲ್ಲ ಬಿಡಿ. ಇಲ್ಲೇ ಇರ್ಲಿ," ಎನ್ನುತ್ತಾರೆ. ನನಗಂತೂ ಹೊಟ್ಟೆ ತಣ್ಣಗಾಗುತ್ತದೆ.

ಇಶ್ಬೆಲ್ ಆರಿಹೋದ ಗಂಜಿಗೆ ಮತ್ತೆ ಕೈ ಹಾಕುತ್ತಾರೆ.

"ನೋಡಿ, ಹಡಗು ನಿಂತಿದ್ದಕ್ಕೆ ಒಬ್ರೂ ಫೋನ್ ಮಾಡ್ಲಿಲ್ಲ. ನಾನು ನಗೋದು ನಿಂತಿದ್ದಕ್ಕೆ ಮಾಡಿದ್ರು."