ಯಾರೂ ಕಟ್ಟಿಹಾಕಿರದ ನಾಯಕಿ

ನಾಯಕಿಯನ್ನು ಕಂಬಕ್ಕೆ ಕಟ್ಟಿಹಾಕುವ ದೃಶ್ಯ ಬಂತೆಂದರೆ ನಾನು ಟಿವಿ ಆರಿಸಿಬಿಡುತ್ತೇನೆ. ಮನೆಯವರು ಬೈಯುತ್ತಾರೆ. ಮಗಳು ಆಗಲೇ ರಿಮೋಟನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಕೂರುವುದನ್ನು ಕಲಿತಿದ್ದಾಳೆ. ಬೈಯಲಿ ಬಿಡಿ. ಆ ಹಾಳು ಗೋದಾಮು, ಆ ಡ್ರಮ್ಮುಗಳು, ಕೈಗೆ ಸುತ್ತಿದ ಹಗ್ಗ, ಖಳನ ಸುಡುಗಾಡು ನಗು, ಇವನ್ನೆಲ್ಲ ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮಕ್ಕನ ಬದುಕಿಗೆ ಮಣ್ಣು ಬಿದ್ದದ್ದು ಆ ದೃಶ್ಯದಿಂದ ಎಂದರೆ ಯಾರು ನಂಬುತ್ತಾರೆ? ಆದರೂ ಹೇಳುತ್ತೇನೆ.

ನಮ್ಮಪ್ಪ ರಾಯದುರ್ಗದಲ್ಲಿ ಸಿನಿಮಾ ಡಬ್ಬಿ ಸಾಗಿಸುತ್ತಿದ್ದ. ಊರೊಳಗಿನ ಥೇಟರಿಗೂ ಬೆಳುಗುಪ್ಪದ ದಾರಿಯಲ್ಲಿದ್ದ ಟೆಂಟಿಗೂ ಸೇರಿ ಒಂದೇ ಪ್ರಿಂಟು. ಥೇಟರಿನಲ್ಲಿ ಒಂದು ರೀಲು ಮುಗಿದ ಕೂಡಲೇ ಅದನ್ನು ಡಬ್ಬಿಗೆ ಹಾಕಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಟೆಂಟಿಗೆ ತುಳಿಯಬೇಕು. ದಾರಿಯಲ್ಲಿ ಕುರಿಮಂದೆ ಅಡ್ಡ ಬಂದರೆ, ಚೈನು ಕಳಚಿದರೆ, ಟೆಂಟಿನಲ್ಲಿ ಸಿನಿಮಾ ನಿಂತೇಹೋಯಿತು. ಅದು ಎಲ್ಲಿ ನಿಲ್ಲುತ್ತಿತ್ತೋ ಏನೋ, ಬಹಳ ಸಲ ನಾಯಕಿ ಕಂಬದಲ್ಲಿರುವಾಗಲೇ. ಜನ ಸೀಟಿ ಹೊಡೆದು, ಆಪರೇಟರನ ತಾಯಿ ತಂಗಿಯರನ್ನೆಲ್ಲ ನೆನೆಸಿಕೊಂಡು ಮುಗಿಸುವ ಹೊತ್ತಿಗೆ ದೂರದಲ್ಲಿ ಸೈಕಲ್ ಬೆಲ್ಲು ಕೇಳುತ್ತಿತ್ತು. "ಬಂದ್ನೋ, ಬಂದ್ನೋ!" ಎಂದು ಟೆಂಟಿಗೆ ಟೆಂಟೇ ಕಿರುಚುತ್ತಿತ್ತು.

ಆ ಕಿರುಚಾಟ ಅಪ್ಪನ ತಲೆಗೇರಿತ್ತು. ಮನೆಗೆ ಬಂದು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, "ನಾ ಹೋಗೋತನ ಆಕೀ ಹಗ್ಗ ಬಿಚ್ಚಾಂವ ಯಾಂವ ಅದಾನ?" ಎನ್ನುತ್ತಿದ್ದ. ಅವ್ವ ಒಲೆಯ ಮುಂದಿನಿಂದಲೇ, "ಹೌದ್ ಹೌದು, ನಿಮ್ಮಿಂದನ ಊರಾಗಿನ ಹೆಣಮಕ್ಕಳೆಲ್ಲ ಪಾರಾಗ್ಯಾರ. ಮೊದ್ಲ ಒಂದ್ ಕೊಡ ನೀರು ತರ್ರಿ," ಎಂದು ಮಂಗಳಾರತಿ ಎತ್ತುತ್ತಿದ್ದಳು.

ಅಕ್ಕನಿಗೂ ನನಗೂ ಟೆಂಟು ಪುಕ್ಕಟೆ. ತೆಲುಗೋ ಕನ್ನಡವೋ, ಸೆರೆಯ ದೃಶ್ಯಕ್ಕೆ ಭಾಷೆ ಬೇಕಾಗಿರಲಿಲ್ಲ. ಅದರ ಲಕ್ಷಣಗಳನ್ನು ಅಪ್ಪ ನಮಗೆ ಪಾಠದ ಹಾಗೆ ಹೇಳಿಕೊಟ್ಟಿದ್ದ. ಸೆರೆಯಾದವಳ ತಲೆಯಲ್ಲಿ ಹೂವಿರುವುದಿಲ್ಲ. ಕಣ್ಣು ಕೆಂಪಾಗಿರುತ್ತವೆ. ಅವಳ ಹಿಂದೆ ಯಾರೋ ನಿಂತಿರುತ್ತಾರೆ. ನಾಯಕ ಬಂದು ಕೇಳಿದರೆ, "ನಾನು ಸುಖವಾಗಿದ್ದೇನೆ, ನೀವು ಹೊರಟುಹೋಗಿ," ಎನ್ನುತ್ತಾಳೆ. ಆಗ ಹೆಂಗಸರ ಕಡೆಯಿಂದ ಯಾರಾದರೂ ಎದ್ದು, "ಸುಳ್ಳು ಹೇಳಾಕತ್ಯಾಳೋ ಹುಚ್ಚಪ್ಪಾ, ಬೆನ್ನಿಗೆ ಚಾಕು ಐತಿ ನೋಡೋ!" ಎಂದು ಪರದೆಗೇ ಬುದ್ಧಿ ಹೇಳುತ್ತಿದ್ದರು. ಬಾಡಿಗೆಗೆ ತಂದು ಓದುತ್ತಿದ್ದ ಪತ್ತೇದಾರಿ ಪುಸ್ತಕಗಳಲ್ಲೂ ಅದೇ ಕಥೆ. ಅಕ್ಕನಿಗೆ ಮಾತ್ರ ಇದು ಸೇರುತ್ತಿರಲಿಲ್ಲ. "ಕೈ ಕಟ್ಯಾರ, ಹಲ್ಲು ಕಟ್ಟ್ಯಾರೇನು? ಕಡೀಬಾರದಾ ಹಗ್ಗಾನ?" ಎಂದು ಗೊಣಗುತ್ತಿದ್ದಳು.

ಅಕ್ಕ ಸುಮ್ಮನೆ ಕೂರುವವಳಲ್ಲ. ಅವಳಿಗೆ ಒಂದು ಕೆಲಸ ಬೇಕಿತ್ತು, ತನ್ನದು ಎನ್ನುವಂಥದ್ದು. ಆಗಷ್ಟೇ ನಮ್ಮೂರಲ್ಲಿ ಜೀನ್ಸ್ ಹೊಲಿಯುವ ಮನೆಗಳು ಹೆಚ್ಚುತ್ತಿದ್ದವು. ಅವಳು ಮಷೀನಿಗೆ ಕೂರುತ್ತೇನೆ ಎಂದರೆ ಅಪ್ಪ ಬಿಡಲಿಲ್ಲ. ಹೆಣ್ಣುಮಗಳು ಗಂಡಸರ ನಡುವೆ ಕೂತು ಪ್ಯಾಂಟು ಹೊಲಿಯುವುದೇ, ಜನ ಏನೆಂದಾರು ಎಂದ. ಮುಂದೆ ನಾನೇ ಎರಡು ಮಷೀನು ಹಾಕಿಕೊಂಡು ಮನೆಯಲ್ಲೇ ಜೀನ್ಸ್ ಹೊಲಿದು ಬದುಕಿದೆ, ಆಗ ಯಾವ ಜನವೂ ಏನೂ ಅನ್ನಲಿಲ್ಲ. ಅಕ್ಕನ ಪಾಲಿಗೆ ಮಾತ್ರ ಇಲ್ಲ ಎಂಬುದೇ ಬಂತು. ವರ್ಷದೊಳಗೆ ಅವಳನ್ನು ಮಡಕಶಿರದ ಕಡೆಗೆ ಮದುವೆ ಮಾಡಿಕೊಟ್ಟರು. ಒಳ್ಳೆಯ ಮನೆ, ಶಿವಭಕ್ತರು, ಹೊಲದಲ್ಲಿ ಶೇಂಗಾ, ಬಾವಿಯ ಕೆಳಗೆ ಹಿಪ್ಪುನೇರಳೆ ಸೊಪ್ಪು, ಮನೆಯ ಹಿಂದೆ ರೇಷ್ಮೆ ಹುಳ ಸಾಕುವ ಬೇರೆ ಮನೆ.

ಯುಗಾದಿಗೆ ಬಂದಾಗ ಅಕ್ಕ ಗಂಡನ ಬಗ್ಗೆ ಎರಡು ಮಾತು ಆಡಿದಳು, ಉಳಿದದ್ದೆಲ್ಲ ಹುಳದ ಬಗ್ಗೆ. ಕಣ್ಣಿಗೆ ಕಾಣದಷ್ಟು ಸಣ್ಣವು ಇರುತ್ತವಂತೆ, ಮೊದಲು ಎಲೆಯನ್ನು ಸಣ್ಣಗೆ ಹೆಚ್ಚಿ ಹಾಕಬೇಕಂತೆ, ನಾಲ್ಕು ಸಲ ಪೊರೆ ಬಿಡುತ್ತವಂತೆ, ಕೊನೆಗೆ ಮೈ ಹಳದಿಯಾದರೆ ಹಣ್ಣಾಯಿತು ಎನ್ನುತ್ತಾರಂತೆ. ಹುಳದ ಮನೆಗೆ ಹೂ ಮುಡಿದು ಹೋಗುವ ಹಾಗಿಲ್ಲ, ಊದುಬತ್ತಿ ಇಲ್ಲ, ತಂಬಾಕು ಮುಟ್ಟಿದ ಕೈಯಂತೂ ವಿಷ. ಹೊರಗಿನವರು ಹೊಸಿಲು ದಾಟುವಂತಿಲ್ಲ, ಸ್ವಂತ ಅಳಿಯನಾದರೂ ಸರಿ. ಅವಳು ಇದನ್ನೆಲ್ಲ ಕಣ್ಣರಳಿಸಿ ಹೇಳುತ್ತಿದ್ದರೆ ಅಪ್ಪ ಬಾಯಲ್ಲಿ ತಂಬಾಕು ಇಟ್ಟುಕೊಂಡು, "ಹುಳಕ್ಕ ಇಷ್ಟ್ ಮಡಿ ಏನವ್ವಾ!" ಎಂದು ನಕ್ಕ. ಕೇಳಿಸಿಕೊಂಡನೇ ಹೊರತು ಅದು ಅವನ ತಲೆಗೆ ಹೋಗಲಿಲ್ಲ.

ಆ ಮಳೆಗಾಲದಲ್ಲಿ ಅವಳ ಅತ್ತೆ ಹುಳದ ಮನೆಯ ಬೀಗದ ಕೈಯನ್ನು ಅಕ್ಕನಿಗೆ ಕೊಟ್ಟಿದ್ದರು. "ಈ ಬೆಳೆ ನಿಂದು ಕಣವ್ವ. ಕೈಗೆ ಹತ್ತಿದ್ರೆ ಹುಳದ ಮನೆ ಇನ್ನು ನಿಂಗೇ," ಎಂದಿದ್ದರು. ಆ ಮನೆಯಲ್ಲಿ ಮೊದಲು ಬಂದ ಹಿರಿ ಸೊಸೆ, ಅಕ್ಕನ ಓರಗಿತ್ತಿ, ಇದ್ದರೂ, ಅಕ್ಕನ ಕೈಚಳಕ ನೋಡಿ ಅತ್ತೆ ಆ ಮಾತು ಕೊಟ್ಟಿದ್ದರು. ಇದು ನಮಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಅಕ್ಕ ಬೆಳೆ ತೆಗೆದೇ ನಮಗೆ ಹೇಳಬೇಕೆಂದು ಬಚ್ಚಿಟ್ಟುಕೊಂಡಿದ್ದಳಂತೆ.

ಅಷ್ಟರಲ್ಲಿ ನಾಗರ ಪಂಚಮಿ ಬಂತು. ರಾಯದುರ್ಗದ ಕಡೆ ಪಂಚಮಿಗೆ ಮಗಳನ್ನು ಕರೆತರದಿದ್ದರೆ ಅಪ್ಪ ಇದ್ದೂ ಸತ್ತ ಹಾಗೆ. ಅದರಲ್ಲೂ ಮದುವೆಯಾದ ಮೊದಲ ವರ್ಷ. ಜೋಕಾಲಿ ಕಟ್ಟಿ, ಉಂಡಿ ಕಟ್ಟಿ, ಜೋಳದ ಅಳ್ಳು ಹುರಿದು ಅವ್ವ ಕಾದಳು. ಅಪ್ಪ ಕಲ್ಯಾಣದುರ್ಗ, ಪಾವಗಡ ಎಂದು ಬಸ್ಸು ಬದಲಿಸಿ ಮಡಕಶಿರಕ್ಕೆ ಹೋದ. ಆ ಕಡೆಯವರಿಗೆ ಮಗಳ ಹಬ್ಬವೆಂದರೆ ಗೌರಿ, ಪಂಚಮಿ ಅಲ್ಲ. ಅತ್ತೆ ಬಾಗಿಲಲ್ಲೇ ಕೈಮುಗಿದು, "ಹುಳ ಹಣ್ಣಾಗೋ ಹೊತ್ತು ಕಣಣ್ಣ, ಈಗ ಕಳ್ಸಾಕಾಗಕಿಲ್ಲ. ಗೌರಿ ಹಬ್ಬಕ್ಕೆ ನಾವೇ ಕರ್ಕಂಡ್ ಬತ್ತೀವಿ," ಎಂದರು. ಮಗಳನ್ನು ನೋಡಿಯಾದರೂ ಹೋಗುತ್ತೇನೆ ಎಂದು ಅಪ್ಪ ಹಟ ಹಿಡಿದ. ಹುಳದ ಮನೆಯ ಕಿಟಕಿಯ ಹತ್ತಿರ ಕರೆದುಕೊಂಡು ಹೋದರು.

ಕಿಟಕಿಗೆ ನೊಣ ಬರದ ಹಾಗೆ ಬಲೆ ಹೊಡೆದಿತ್ತು. ಬಲೆಯ ಹಿಂದೆ ಅಕ್ಕ. ಹಳೆಯ ಸೀರೆ, ತಲೆಯಲ್ಲಿ ಹಬ್ಬದ ದಿನವೂ ಹೂವಿಲ್ಲ. ನೆಲ ತೊಳೆಯುವ ಬ್ಲೀಚಿಂಗ್ ಪುಡಿಯ ಘಾಟಿಗೆ ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ಅವಳ ಹಿಂದೆ ಸೊಪ್ಪಿನ ಬುಟ್ಟಿ ಹಿಡಿದು ಓರಗಿತ್ತಿ ನಿಂತಿದ್ದಳು. ಅಕ್ಕ, "ಚೆನ್ನಾಗಿದ್ದೀನಿ ಕಣಪ್ಪ. ನೀನು ಹೋಗ್ಬಾ," ಎಂದಳು. ಅಪ್ಪ ಮತ್ತೆ ಕೇಳಿದ. ಮತ್ತೆ ಅದನ್ನೇ ಹೇಳಿದಳು.

ಅಪ್ಪ ಅಂದೇ ವಾಪಸು ಬಂದು ಕಟ್ಟೆಯ ಮೇಲೆ ಕುಸಿದು ಕೂತ. "ಕೂಡಿ ಹಾಕ್ಯಾರ ನನ್ನ ಮಗಳನ್ನ," ಎಂದ. "ಆಕೀ ಮಾತ ಬದ್ಲಾಗೈತಿ. 'ಚೆನ್ನಾಗಿದ್ದೀನಿ ಕಣಪ್ಪ' ಅಂತಾಳ. ನಮ್ಮ ಹುಡುಗಿ ಯಾವತ್ತರ ಹಂಗ ಮಾತಾಡಿದ್ಲೇನು? ಯಾರೋ ಹೇಳಿಕೊಟ್ಟಾರ. ಹಿಂದ ಒಬ್ಬಾಕಿ ನಿಂತಿದ್ಲು." ಅವ್ವ ಹೆದರಿ ಅಳತೊಡಗಿದಳು. ಹುಳ ಸಾಕುವ ಮನೆ ಹೇಗಿರುತ್ತದೆಂದು ನಮ್ಮ ಓಣಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಸೆರೆಮನೆ ಹೇಗಿರುತ್ತದೆಂದು ಮಾತ್ರ ಎಲ್ಲರಿಗೂ ಚೆನ್ನಾಗಿ ಗೊತ್ತಿತ್ತು.

ಮರುದಿನ ಅಪ್ಪ ಒಂದು ಬಾಡಿಗೆ ಜೀಪು ಮಾಡಿದ. ಸೋದರಮಾವ ಜೊತೆಗೆ ಬಂದ. ಅಕ್ಕ ಬಾಯಿಬಿಡುವುದಾದರೆ ತಂಗಿಯ ಹತ್ತಿರ ಬಿಟ್ಟಾಳೆಂದು ನನ್ನನ್ನೂ ಹತ್ತಿಸಿಕೊಂಡರು. ದಾರಿಯುದ್ದಕ್ಕೂ ಅಪ್ಪನ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಒಂದು ಥರದ ಕಳೆ ಇತ್ತು. ಅದು ಸಂತೋಷ ಎಂದು ಈಗ ನನಗೆ ಅನ್ನಿಸುತ್ತದೆ.

ಮಧ್ಯಾಹ್ನ ಆ ಮನೆ ಮುಟ್ಟಿದೆವು. ಅತ್ತೆ "ಬನ್ನಿ, ಕೂತ್ಕಳಿ," ಎನ್ನುತ್ತಿದ್ದ ಹಾಗೆಯೇ ಅಪ್ಪ ಮನೆಯ ಹಿಂದಕ್ಕೆ ನಡೆದು ಹುಳದ ಮನೆಯ ಬಾಗಿಲನ್ನು ಭುಜ ಕೊಟ್ಟು ತಳ್ಳಿದ. ಒಂದೇ ಏಟಿಗೆ ಚಿಲಕ ಕಿತ್ತು ಬಂತು. ಆ ಚಿಲಕ ಇದ್ದದ್ದು ಬಾಗಿಲಿನ ಒಳಗಡೆ. ಒಳಗಿದ್ದವಳೇ ಹಾಕಿಕೊಂಡಿದ್ದ ಚಿಲಕ ಅದು. ಆ ಹೊತ್ತಿನಲ್ಲಿ ಅದನ್ನು ನೋಡುವವರಾರು? ಅಪ್ಪ ಚಪ್ಪಲಿ ಕಾಲಲ್ಲೇ ನುಗ್ಗಿ ಅಕ್ಕನ ರಟ್ಟೆ ಹಿಡಿದ. "ನಡಿಯವ್ವಾ, ನಾ ಬಂದೀನಿ!" ಎಂದ. ಅಕ್ಕ, "ಅಪ್ಪಾ, ಬಿಡು! ಬಾಗ್ಲು, ಬಾಗ್ಲು ಮುಚ್ರಿ!" ಎಂದು ಚೀರಿದಳು. ಜಗ್ಗಾಟದಲ್ಲಿ ಅಪ್ಪನ ಸೊಂಟದ ಸಂಚಿ ಬಿಚ್ಚಿಹೋಗಿ ತಂಬಾಕಿನ ಪುಡಿಯೆಲ್ಲ ಮೂಲೆಯ ಸೊಪ್ಪಿನ ರಾಶಿಯ ಮೇಲೆ ಉದುರಿತು. ಅಂಗಳದವರೆಗೆ ಎಳೆದುಕೊಂಡು ಬಂದ ಮೇಲೆ ಅಕ್ಕ ಕೈ ಕಿತ್ತುಕೊಂಡಳು. ಓಡಿಹೋಗಿ ಬಾಗಿಲು ಹಾಕಿ, ಚಿಲಕವಿಲ್ಲದ ಬಾಗಿಲಿಗೆ ಬೆನ್ನು ಕೊಟ್ಟು ಒಳಗೆ ನಿಂತುಕೊಂಡಳು.

ಹೊರಗೆ ನಾವು, ಒಳಗೆ ಅವಳು. ಅತ್ತೆ ಬೈಯಲಿಲ್ಲ. "ಏನ್ ಮಾಡ್ಬುಟ್ರಣ್ಣ," ಎಂದಷ್ಟೇ ಹೇಳಿ ಜಗುಲಿಯ ಮೇಲೆ ಕೂತರು. ಭಾವ ಹೊಲದಿಂದ ಓಡಿಬಂದು ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆ ಅಪ್ಪನ ಮುಖದ ಕಳೆ ಇಳಿಯಿತು. ನಾವು ನೀರೂ ಕುಡಿಯದೆ ಜೀಪು ಹತ್ತಿದೆವು.

ಅಕ್ಕ ಸೊಪ್ಪನ್ನೆಲ್ಲ ಕೊಡವಿ, ಕೈಯಲ್ಲಿ ಆರಿಸಿ, ಒರೆಸಿ ಹಾಕಿದಳಂತೆ. ಅವತ್ತು ಮಳೆ ಬಂದು ತೋಟದಲ್ಲಿ ಬೇರೆ ಸೊಪ್ಪು ಕೊಯ್ಯುವ ಹಾಗಿರಲಿಲ್ಲ, ಕಡೆಯ ಹೊತ್ತಿನ ಹುಳಕ್ಕೆ ಒಂದು ಹೊತ್ತೂ ತಪ್ಪಿಸುವಂತಿಲ್ಲ. ಎರಡು ದಿನಕ್ಕೆ ಹುಳಗಳು ತಲೆ ಒದ್ದಾಡಿಸಿ, ಹಸಿರು ನೀರು ಕಕ್ಕಿ ಸಾಯತೊಡಗಿದವು. ಹಣ್ಣಾಗಬೇಕಾದ ಬೆಳೆಯನ್ನು ಹಿತ್ತಿಲಲ್ಲಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದರು. ಅಂದೇ ಸಂಜೆ ಅತ್ತೆ ಬೀಗದ ಕೈ ವಾಪಸು ಕೇಳಿದರು. ಸೊಸೆಯ ಮೇಲೆ ಅವರಿಗೆ ಸಿಟ್ಟಿರಲಿಲ್ಲವಂತೆ. "ನಿಂದೇನೂ ತಪ್ಪಿಲ್ಲ ಕಣವ್ವ. ಆದ್ರೆ ನಿಮ್ಮಪ್ಪ ಮತ್ತೆ ಬರಲ್ಲ ಅಂತ ಯಾರ್ ಹೇಳ್ತಾರೆ?" ಎಂದರಂತೆ. ಬೀಗದ ಕೈ ಓರಗಿತ್ತಿಯ ಸೊಂಟಕ್ಕೆ ಹೋಯಿತು.

ಹೇಳಿದ ಮಾತಿನಂತೆ ಗೌರಿ ಹಬ್ಬಕ್ಕೆ ಅಕ್ಕನನ್ನು ಕಳಿಸಿದರು. ಅಪ್ಪ ಎದುರಿಗೆ ಕೂತು ಅತ್ತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ತಂಬಾಕ ಬಿಟ್ಟೀನವ್ವಾ, ಶಿವನಾಣೆ," ಎಂದ. ಅಕ್ಕ ಸಮಾಧಾನವಾಗಿಯೇ ಹೇಳಿದಳು: "ಹುಳ ಹೋದ್ರೆ ಇನ್ನೊಂದ್ ಬೆಳೆ ಬತ್ತದೆ ಕಣಪ್ಪ. ನಾನು ಚೆನ್ನಾಗಿದ್ದೀನಿ ಅಂದೆ. ಎರಡು ಸಲ ಅಂದೆ. ನಿಂಗೆ ನನ್ ಮಾತು ಕೇಳಿಸ್ಲೇ ಇಲ್ವಲ್ಲ." ಅವ್ವ ಒಳಗಿನಿಂದ, "ಸಿಟ್ಟಿನಾಗ ಕೊಯ್ಕೊಂಡ ಮೂಗು ಶಾಂತಿ ಆದಮ್ಯಾಲೆ ಬರ್ತೈತೇನು?" ಎಂದಳು. ಅಪ್ಪ ಆಮೇಲೆ ಬದುಕಿರುವ ತನಕ ಮಡಕಶಿರಕ್ಕೆ ಹೋದಾಗಲೆಲ್ಲ ಅಂಗಳದಲ್ಲೇ ಕೂತು ಬಂದ. ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ ಅಕ್ಕನೇ ಬಂದು ಕರೆದರೂ ಹೊಸಿಲು ದಾಟಲಿಲ್ಲ.

ಇನ್ನೊಂದು ಬೆಳೆ ಅಕ್ಕನ ಕೈಗೆ ಬರಲೇ ಇಲ್ಲ. ಅತ್ತೆ ತೀರಿಹೋದರು. ಮನೆ ಭಾಗವಾದಾಗ, ಹುಳ ಸಾಕುತ್ತಿದ್ದವರಿಗೇ ಇರಲಿ ಎಂದು ಹುಳದ ಮನೆಯೂ ಸೊಪ್ಪಿನ ತೋಟವೂ ಓರಗಿತ್ತಿಯ ಪಾಲಿಗೆ ಹೋದವು. ಅಕ್ಕನಿಗೆ ಶೇಂಗಾ ಹೊಲ ಬಂತು. ಹುಳ ಹಣ್ಣಾಗುವ ದಿನಗಳಲ್ಲಿ ಓರಗಿತ್ತಿ ಅವಳನ್ನು ಕರೆಯುತ್ತಾಳೆ, ಅಕ್ಕ ಕೂಲಿಗೆ ಹೋಗುತ್ತಾಳೆ. ಸಾಯುವ ಮೊದಲು ಅಪ್ಪನಿಗೆ ಇದು ಗೊತ್ತಾಗದಿರಲಿ ಎಂದು ನಾವೆಲ್ಲ ಬಾಯಿ ಮುಚ್ಚಿಕೊಂಡಿದ್ದೆವು.

ಕಳೆದ ಶ್ರಾವಣದಲ್ಲಿ ಅವಳನ್ನು ನೋಡಲು ಹೋದೆ. ಮನೆಯಲ್ಲಿ ಅವಳಿರಲಿಲ್ಲ. ಹಿಂದೆ ಹುಳದ ಮನೆಯಲ್ಲಿದ್ದಾಳೆ ಎಂದರು. ಹೋಗಿ ಕಿಟಕಿಯಲ್ಲಿ ಇಣುಕಿದೆ. ಹಳದಿ ತಿರುಗಿದ ಹುಳಗಳನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದಳು, ಗೂಡು ಕಟ್ಟಲು ಹೆಣೆದ ಬಿದಿರಿನ ತಟ್ಟೆಗೆ. ಅವಳ ಕೈಯ ಓಟ ನೋಡುತ್ತ ನಿಂತುಬಿಟ್ಟೆ. ಓರಗಿತ್ತಿಗೆ ಈಗ ವಯಸ್ಸಾಗಿದೆ, ನನ್ನನ್ನು ಕಂಡು ಬಾಗಿಲಿಗೆ ಬಂದು, "ಬಿಸ್ಲಾಗ್ ಯಾಕ್ ನಿಂತೆ? ಒಳೀಕ್ ಬಾರವ್ವ. ಕೈಕಾಲ್ ತೊಳ್ಕಂಡ್ರಾಯ್ತು, ಈಗೇನ್ ಅಷ್ಟ್ ಕಟ್ಟುನಿಟ್ಟಿಲ್ಲ," ಎಂದಳು. ನಾನು ಚಪ್ಪಲಿ ಬಿಟ್ಟು, ತೊಟ್ಟಿಯ ನೀರಿಗೆ ಕೈಹಾಕಿದೆ.

ಒಳಗಿನಿಂದ ಅಕ್ಕನ ದನಿ ಬಂತು. ಸಿಟ್ಟಿರಲಿಲ್ಲ ಅದರಲ್ಲಿ.

"ಬ್ಯಾಡ ಕಣಕ್ಕ," ಎಂದಳು ಓರಗಿತ್ತಿಗೆ. "ನಮ್ಮೋರು ಆಚೆಗೇ ಇರ್ಲಿ."

ನಾನು ಚಪ್ಪಲಿ ಮೆಟ್ಟಿಕೊಂಡು ಹೋಗಿ ಅಂಗಳದ ಕಲ್ಲಿನ ಮೇಲೆ ಕೂತೆ.