ಸುಟ್ಟ ಕಡ್ಡಿಗಳು

ಇವತ್ತು ದೀಪ ಹಚ್ಚಿ ಕಡ್ಡಿ ಆರಿಸಿದಾಗ, ಆ ವಾಸನೆಗೆ ವಿಜಯನಗರದ ನಮ್ಮ ಬಾಡಿಗೆ ಮನೆ ನೆನಪಾಯಿತು. ಅಮ್ಮ ಗೀರಿದ ಕಡ್ಡಿಯನ್ನು ಎಸೆಯುತ್ತಿರಲಿಲ್ಲ. ಉರಿಯುವ ಸ್ಟವ್‌ನಿಂದ ದೇವರ ದೀಪಕ್ಕೆ ಬೆಂಕಿ ದಾಟಿಸಲು ಬೇಕೆಂದು ಅದೇ ಬೆಂಕಿಪೊಟ್ಟಣಕ್ಕೆ ವಾಪಸ್ ಹಾಕುತ್ತಿದ್ದಳು.

ಒಂದು ಸಂಜೆ ಕರೆಂಟ್ ಹೋದಾಗಲೇ ತಾತನಿಗೆ ಉಬ್ಬಸ ಹೆಚ್ಚಿತು. ಮಾತ್ರೆ ಹುಡುಕಲು ಬೆಳಕು ಬೇಕಿತ್ತು.

"ಬೇಗ ಹಚ್ಚಮ್ಮ," ಎಂದರು ತಾತ.

"ಹತ್ತುತ್ತಾನೇ ಇಲ್ಲ ಮಾವ," ಎಂದಳು ಅಮ್ಮ, ಗೀರುತ್ತಲೇ. ಕತ್ತಲಲ್ಲಿ ಅವಳ ಬೆರಳಿಗೆ ಸಿಕ್ಕಿದ್ದೆಲ್ಲ ಸುಟ್ಟ ಕಡ್ಡಿಗಳೇ.

ಪಕ್ಕದ ಮನೆ ಆಂಟಿ ಮೇಣದಬತ್ತಿ ತಂದ ಮೇಲೆ ಮಾತ್ರೆ ಸಿಕ್ಕಿತು. ತಾತ ಉಳಿದರು. ಮರುದಿನ ಅಮ್ಮ ಸುಟ್ಟ ಕಡ್ಡಿಗಳನ್ನೆಲ್ಲ ಹೆಕ್ಕಿ ತೆಗೆದಳು. ಎಸೆಯಲಿಲ್ಲ, ಬೇರೆ ಡಬ್ಬಿಗೆ ಹಾಕಿದಳು.

ಇವತ್ತು ನನ್ನ ಕೈಯೂ ಸುಟ್ಟ ಕಡ್ಡಿಯನ್ನು ಪೊಟ್ಟಣದತ್ತ ಒಯ್ದು ಗಕ್ಕನೆ ನಿಂತಿತು. ಆಮೇಲೆ ಅಡುಗೆಮನೆಗೆ ಹೋಗಿ ಖಾಲಿ ಡಬ್ಬಿಯೊಂದನ್ನು ಹುಡುಕಿದೆ.